ಹಿಂಭಾರ

ಕಬ್ಬು ಅರೆಯುವ ತಿಂಗಳುಗಳಲ್ಲಿ ಮಾಕವಳ್ಳಿಯ ಏರಿನಲ್ಲಿ ಬೆಳಗಾಗುವುದು ಗಾಡಿಯ ಅಚ್ಚು ಕಿರುಗುಟ್ಟುವ ಸದ್ದಿನಿಂದ. ಸಕ್ಕರೆ ಕಾರ್ಖಾನೆಯತ್ತ ಹೊರಟ ಎತ್ತಿನ ಗಾಡಿಗಳೆಲ್ಲ ರವೀಂದ್ರನ ಮನೆಯ ಮುಂದಿನ ತಿರುವು ದಾಟಿಯೇ ಹೋಗಬೇಕು. ಅವನು ಜಗಲಿಯ ಮೇಲೆ ಕೂತು ಬೇವಿನ ಕಡ್ಡಿ ಅಗಿಯುತ್ತಾ, ತಲೆ ಎತ್ತದೆ, ಬರೀ ಸದ್ದಿನಿಂದಲೇ ಗಾಡಿಯ ಹಣೆಬರಹ ಹೇಳುತ್ತಿದ್ದ. ಅಚ್ಚು ದಪ್ಪ ದನಿಯಲ್ಲಿ ನರಳಿದರೆ ಮುಂಭಾರ. ಸಂಜೆಯ ಹೊತ್ತಿಗೆ ಎತ್ತಿನ ಹೆಗಲು ಬಾತುಕೊಳ್ಳುತ್ತದೆ. ಕೀರಲು ದನಿಯಲ್ಲಿ ಎಳೆದರೆ ಹಿಂಭಾರ. ನೊಗ ಕಟ್ಟಿದ ಮೂಕಿಮರ ಮೇಲಕ್ಕೆ ಜಗ್ಗಿ ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ.

“ಯಾವನ್ಲಾ ಅದು? ಇಂಬಾರ ಆಗೈತೆ, ನಿಲ್ಸು. ನಾಕು ಕಂತೆ ಮುಂದುಕ್ಕೆ ತಳ್ಳು.”

“ನೋಡ್ದಂಗೇ ಯೋಳ್ತೀಯಲ್ಲಣ್ಣ!”

“ನಾನು ನೋಡದು ಬ್ಯಾಡ ಕಣ್ಲಾ, ನಿನ್ನೆತ್ತೇ ಯೋಳ್ತಾ ಅದೆ.”

ಸುತ್ತಿನ ಹಳ್ಳಿಗಳಲ್ಲಿ ಅವನಿಗೆ ತೂಕದ ರವೀಂದ್ರ ಎಂದೇ ಹೆಸರು. ಬೂಕನಕೆರೆಯ ಕಡೆಯಿಂದಲೂ ಗಾಡಿ ತುಂಬಲು ಕರೆ ಬರುತ್ತಿತ್ತು. ಅವನು ತುಂಬಿಸಿದ ಗಾಡಿ ಮಗುಚಿದ್ದನ್ನು ಕಂಡವರಿರಲಿಲ್ಲ. ಆದರೆ ಹಾಗೆ ಹೊಗಳಿದಾಗಲೆಲ್ಲ ಅವನ ಮುಖ ಗಂಟಿಕ್ಕುತ್ತಿತ್ತು. ಯಾಕೆಂದು ಊರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

ಭಾರದ ಲೆಕ್ಕವನ್ನು ಅವನು ಕಲಿತದ್ದು ಗಾಡಿಯಲ್ಲಲ್ಲ, ವಿಮಾನದಲ್ಲಿ. ಹದಿನೆಂಟಕ್ಕೆ ವಾಯುಪಡೆ ಸೇರಿ, ಯಾವ ಪೆಟ್ಟಿಗೆ ಎಲ್ಲಿಟ್ಟರೆ ವಿಮಾನದ ಮೂತಿ ಎಷ್ಟು ಏಳುತ್ತದೆ, ಬಾಲ ಎಷ್ಟು ಕುಸಿಯುತ್ತದೆ ಎಂದು ಒಂಬತ್ತು ವರ್ಷ ಲೆಕ್ಕ ಹಾಕಿದ. ಅಲ್ಲಿಂದ ಬಿಡುಗಡೆಯಾದ ಮೇಲೆ ಉತ್ತರದ ಒಂದು ಊರಿನ ಖಾಸಗಿ ಹಾರಾಟದ ಕ್ಲಬ್ಬಿನಲ್ಲಿ ಕೆಲಸಕ್ಕೆ ನಿಂತ. ಉಳ್ಳವರು ಪ್ಯಾರಾಚೂಟು ಕಟ್ಟಿಕೊಂಡು ಆಕಾಶದಿಂದ ಜಿಗಿಯುವ ಚಟಕ್ಕೆಂದು ಇದ್ದ ಕ್ಲಬ್ಬು ಅದು. ಜಿಗಿಯುವುದನ್ನು ಕಲಿಸಲು ತನ್ನ ತಂಗಿ ಅಣ್ಣಮ್ಮನ ಗಂಡ ಮಂಜುನಾಥನನ್ನು ಕರೆಸಿಕೊಂಡವನು ರವೀಂದ್ರನೇ. ಮಂಜುನಾಥ ಬಿಂಡಿಗನವಿಲೆಯವನು. ದಂಡಿನ ಪ್ಯಾರಾಚೂಟು ಪಡೆಯಲ್ಲಿದ್ದು ಬಂದವನು. ಚಿಕ್ಕಂದಿನಲ್ಲಿ ಕುರಿ ಕಾಯುತ್ತಾ, ಬಂಡೆಯ ಮೇಲಿಂದ ಕಂಬಳಿ ಹರಡಿಕೊಂಡು ಹಾರಿ ಎರಡು ಸಲ ಕೈ ಮುರಿದುಕೊಂಡವನು.

ಎಂಬತ್ತೆರಡನೆಯ ಇಸವಿಯ ಒಂದು ಬೆಳಿಗ್ಗೆ ಕ್ಲಬ್ಬಿನ ಆರು ಸೀಟಿನ ವಿಮಾನಕ್ಕೆ ರವೀಂದ್ರ ಭಾರದ ಚೀಟಿ ಬರೆದ. ಜಿಗಿಯುವವರು ಮೂರು ಜನ, ಅದಕ್ಕಿಂತ ಒಬ್ಬನೂ ಹೆಚ್ಚಿಲ್ಲ. ಅಷ್ಟರಲ್ಲಿ ಇಬ್ಬರು ಅತಿಥಿಗಳು ಬಂದರು. ವಿಮಾನ ಓಡಿಸುತ್ತಿದ್ದವನು ನಮ್ಮ ಶ್ರೀರಂಗಪಟ್ಟಣದ ವಿಜಯೇಂದ್ರ. ಕ್ಲಬ್ಬಿಗೆ ಅವನೇ ಯಜಮಾನನ ಹಾಗೆ. “ಹತ್ತಿಸು, ಏನೂ ಆಗಲ್ಲ” ಎಂದ. ಬ್ಯಾಡ ಸಾ ಎಂದು ರವೀಂದ್ರ ರೆಕ್ಕೆ ಹಿಡಿದು ನಿಂತರೂ ಹತ್ತಿಸಿಕೊಂಡೇ ಹೋದ. ಮೇಲೆ, ಐದೂ ಜನ ಹಿಂದಿನ ಬಾಗಿಲ ಬಳಿ ಸರಿದ ಕ್ಷಣದಲ್ಲಿ ಮೂತಿ ಎದ್ದು ಬಾಲ ಕುಸಿಯಿತು. ಮೊದಲು ಜಿಗಿದವನು ಮಂಜುನಾಥ. ಕುಸಿದ ಬಾಲದ ಅಂಚು ಅವನ ತಲೆಗೆ ಬಡಿಯಿತು. ಪ್ಯಾರಾಚೂಟು ಬಿಚ್ಚಲೇ ಇಲ್ಲ. ಉಳಿದವರನ್ನು ವಿಜಯೇಂದ್ರ ಹೇಗೋ ಇಳಿಸಿದ. ವಿಮಾನ ಉಳಿಸಿದ ಧೀರ ಎಂದು ಪತ್ರಿಕೆಯಲ್ಲಿ ಫೋಟೋ ಬಂತು.

ವಿಚಾರಣೆಯಲ್ಲಿ ರವೀಂದ್ರ ಬರೆದ ಚೀಟಿ ಎಲ್ಲಿಯೂ ಸಿಗಲಿಲ್ಲ. ಭಾರ ಹೊಂದಿಸಿದವನ ಅಜಾಗರೂಕತೆ ಎಂದು ವರದಿ ಬರೆದು, ಅವನನ್ನು ಮನೆಗೆ ಕಳಿಸಿದರು. ಅದರ ನಕಲೊಂದು ಅಣ್ಣಮ್ಮನ ಗಂಡನ ಮನೆಗೂ ಅಂಚೆಯಲ್ಲಿ ಬಂತು.

ಅಣ್ಣಮ್ಮ ವರ್ಷದೊಳಗೆ ಅಣ್ಣನ ಮನೆಗೇ ಬಂದಳು. ಎರಡು ಹಸು ಕಟ್ಟಿದಳು, ಡೈರಿಗೆ ಹಾಲು ಹಾಕಿದಳು, ಇಬ್ಬರಿಗೂ ಮುದ್ದೆ ತೊಳಸಿದಳು. ಮೊದಲ ವರ್ಷ ಒಂದೇ ಒಂದು ಸಲ ಅವನು ಹೇಳಿದ್ದ: “ನಾನು ಮೂರೇ ಅಂತ ಬರ್ದಿದ್ದೆ ಕಣವ್ವ.”

“ಕಾಗ್ದದಲ್ಲಿ ಬೇರೆ ಬರ್ದವ್ರಲ್ಲಣ್ಣ,” ಎಂದಿದ್ದಳು ಅಣ್ಣಮ್ಮ, ಒಲೆಯ ಕಡೆ ತಿರುಗಿಕೊಂಡೇ.

ಮತ್ತೆ ಆ ಮಾತು ಬರಲಿಲ್ಲ. ಹನ್ನೆರಡು ವರ್ಷ ಬಡಿಸಿದಳು; ಬಡಿಸುವಾಗ ಅವಳ ಕಣ್ಣು ತಟ್ಟೆಯಿಂದ ಮೇಲೆ ಬಂದದ್ದಿಲ್ಲ. ರವೀಂದ್ರನಿಗೆ ಬೇಕಾಗಿದ್ದದ್ದು ಹೋದ ಕೆಲಸವಲ್ಲ. ಆ ಬಾಯಿಂದ, ವಿಜಯೇಂದ್ರನ ಬಾಯಿಂದ, ಅಣ್ಣಮ್ಮನ ಕಿವಿಗೆ ಬೀಳುವ ಒಂದು ಮಾತು. ಅದು ಸಿಕ್ಕುವ ದಾರಿ ಕಾಣದೆ, ಸಿಟ್ಟನ್ನು ಅವನು ಕಬ್ಬಿನ ಕಂತೆಯ ಹಾಗೆ ಬಿಗಿದು ಕಟ್ಟಿ ಒಳಗೆ ಇಟ್ಟುಕೊಂಡಿದ್ದ. ಒಣಗಿದಷ್ಟೂ ಅದರ ಅಂಚು ಹರಿತವಾಗುತ್ತಿತ್ತು.

ತೊಂಬತ್ತೈದರ ಫೆಬ್ರವರಿಯಲ್ಲಿ ಒಂದು ಬಿಳಿ ಮಾರುತಿ ಕಾರು ಗಾಡಿಗಳ ಸಾಲಿನ ನಡುವೆ ಹಾರ್ನು ಮಾಡುತ್ತಾ ಬಂದು ಜಗಲಿಯ ಮುಂದೆ ನಿಂತಿತು. ಇಳಿದವನು ವಿಜಯೇಂದ್ರ. ಕೂದಲು ನರೆತಿತ್ತು, ನಗು ಹಾಗೇ ಇತ್ತು. ಅಣ್ಣಮ್ಮ ಡೈರಿಗೆ ಹೋಗಿದ್ದಳು.

“ಏನು ರವೀಂದ್ರ, ನನ್ನ ಗುರುತು ಸಿಕ್ತಾ?”

“ಮರೆಯೋ ಮಕನಾ ಸಾ ಅದು? ಕೂತ್ಕಳಿ.”

ವಿಜಯೇಂದ್ರ ಕಬ್ಬಿನ ಸೋಗೆ ಒತ್ತಟ್ಟಿಗೆ ಸರಿಸಿ, ಕರವಸ್ತ್ರ ಹಾಸಿ ಕೂತ. ಬಿಂಡಿಗನವಿಲೆಯ ಹೊರಗಿನ ಬಯಲನ್ನು ಗುತ್ತಿಗೆಗೆ ಹಿಡಿದು ಮಟ್ಟ ಮಾಡಿಸಿದ್ದಾನಂತೆ. ಶ್ರೀರಂಗಪಟ್ಟಣಕ್ಕೆ ಬರುವ ಪ್ರವಾಸಿಗರನ್ನು ಅಲ್ಲಿಗೆ ಕರೆತಂದು ಆಕಾಶದಿಂದ ಜಿಗಿಸುವ ಕ್ಲಬ್ಬು ಶುರುಮಾಡುತ್ತಾನಂತೆ. ಸಮಿತಿ ಸಿದ್ಧ, ಬಯಲು ಸಿದ್ಧ. ಆಗಬೇಕಾದದ್ದು ವಿಮಾನದ ಆಯ್ಕೆ. ವಿಮೆಯವರು, ಈ ಕೆಲಸ ತಿಳಿದವನೊಬ್ಬ ತೂಗಿ ನೋಡಿ ಬರೆದ ಭಾರದ ಪತ್ರ ಬೇಕು ಎಂದು ಹಟ ಹಿಡಿದಿದ್ದಾರೆ.

“ಈ ನಾಲ್ಕು ತಾಲ್ಲೂಕಿನಲ್ಲಿ ನಿನ್ನ ಬಿಟ್ರೆ ಯಾರಿದ್ದಾರೆ ಹೇಳು? ಹಳೇದೆಲ್ಲ ಮರೆತುಬಿಡೋಣ. ನಾನೇ ಬಂದಿದ್ದೀನಲ್ಲ. ಕ್ಲಬ್ಬಲ್ಲಿ ನಿನಗೊಂದು ಕೆಲಸಾನೂ ಕೊಡ್ತೀನಿ.”

ಜಗಲಿಯ ಮೇಲೆ ಮೂರು ಫೋಟೋ ಹರಡಿದ. ರವೀಂದ್ರ ಒಂದೊಂದನ್ನೇ ಬೆಳಕಿಗೆ ಹಿಡಿದ. ಮೊದಲನೆಯದು ಬಟ್ಟೆ ಹೊದಿಸಿದ ಎರಡು ಸೀಟಿನ ಹಳೆಯ ವಿಮಾನ. ಓಡಿಸುವವನೊಬ್ಬ, ಜಿಗಿಯುವವನೊಬ್ಬ, ಅದರಲ್ಲಿ ಕ್ಲಬ್ಬು ನಡೆಯದು. ಎರಡನೆಯದು ನಾಲ್ಕು ಸೀಟಿನದು, ರೆಕ್ಕೆ ತಲೆಯ ಮೇಲೆ. ನೋಡಿದೊಡನೆ ಅವನ ಕೈ ತಡೆಯಿತು. ರೆಕ್ಕೆಗೆ ಆಸರೆ ಕೊಟ್ಟ ಓರೆಗಂಬಿಯನ್ನು ಹಿಡಿದು, ಚಕ್ರದ ಮೇಲಿನ ಮೆಟ್ಟಿಲಲ್ಲಿ ಕಾಲಿಟ್ಟು, ಜಿಗಿಯುವವನು ನಿರಾಳವಾಗಿ ಹೊರಗೆ ನಿಲ್ಲಬಹುದು. ಬಾಗಿಲನ್ನು ಮೇಲಕ್ಕೆ ತೆರೆಯುವಂತೆ ಮಾಡಿಸಿದರೆ ಗಾಳಿಯೇ ಅದನ್ನು ಎತ್ತಿ ಹಿಡಿಯುತ್ತದೆ. ಬಾಗಿಲು ಮುಂದಿದೆ, ಹಾಗಾಗಿ ಜನ ಹಿಂದಕ್ಕೆ ಗುಂಪಾಗುವುದಿಲ್ಲ. ನಮ್ಮ ಈ ಎತ್ತರದ ಸೀಮೆಯಲ್ಲಿ, ಏಪ್ರಿಲ್ ಬಿಸಿಲಿನ ಸಡಿಲ ಗಾಳಿಯಲ್ಲಿ ನಿಧಾನವಾಗಿ ಏರುತ್ತದೆ; ಆದರೆ ಏರಿದವರನ್ನು ಇಳಿಸುತ್ತದೆ. ಇಷ್ಟೂ ಅವನ ನಾಲಿಗೆಯ ತುದಿಗೆ ಬಂತು. ಆಡಲಿಲ್ಲ.

ಮೂರನೆಯ ಫೋಟೋ ಎತ್ತಿದ. ಕೆಳರೆಕ್ಕೆ, ಆರು ಸೀಟು, ಹಿಂದೆ ಅಗಲ ಬಾಗಿಲು. ಅದೇ ಜಾತಿಯದು.

“ನನ್ನ ಮನಸ್ಸು ಇದರ ಮೇಲಿದೆ,” ಎಂದ ವಿಜಯೇಂದ್ರ. “ನೋಡೋಕೂ ಲಕ್ಷಣವಾಗಿದೆ. ಹಿಂದಿನ ಸೀಟು ಕಿತ್ತುಹಾಕಿದ್ರೆ ಐದು ಜನ ಒಟ್ಟಿಗೆ ಜಿಗೀಬಹುದು.”

“ಓಡ್ಸೋರು ಯಾರು ಸಾ?”

“ನಾನೇ. ಮತ್ತಿನ್ಯಾರು?”

“ನೀವೂ ಪ್ಯಾರಾಚೂಟು ಕಟ್ಕತೀರಾ?”

ವಿಜಯೇಂದ್ರ ನಕ್ಕ. “ಓಡಿಸೋನಿಗೆ ಯಾಕಪ್ಪ ಅದು?”

ರವೀಂದ್ರ ಫೋಟೋವನ್ನು ಮೊಣಕಾಲ ಮೇಲಿಟ್ಟು ಅಂಗೈಯಿಂದ ಒರೆಸಿದ. “ಚೆಂದಾಗದೆ ಸಾ,” ಎಂದ. “ಯಾವತ್ತು ಬರ್ಬೇಕು ಯೋಳಿ.”

ಬರುವ ಭಾನುವಾರ ಬಯಲಿನಲ್ಲೇ ತೂಗುವುದು, ಅಲ್ಲೇ ಪೂಜೆ ಎಂದಾಯಿತು. ಮುಂದಿನ ನಾಲ್ಕು ದಿನ ಅವನ ತಲೆಯಲ್ಲಿ ಅದೊಂದೇ ಚಿತ್ರ ಸುತ್ತಿತು. ಪತ್ರಕ್ಕೆ ಸಹಿ ಹಾಕಿದರೆ ಸಾಕು. ಎಂದಾದರೊಂದು ದಿನ ಐದು ಜನ ಬಾಗಿಲ ಬಳಿ ಸರಿಯುತ್ತಾರೆ, ಬಾಲ ಕುಸಿಯುತ್ತದೆ. ಬೆನ್ನಿಗೆ ಪ್ಯಾರಾಚೂಟು ಇರುವವರು ಜಿಗಿದುಕೊಳ್ಳುತ್ತಾರೆ. ಇಲ್ಲದವನು ಒಬ್ಬನೇ ಉಳಿಯುತ್ತಾನೆ, ನೆಲದವರೆಗೂ. ಕಂತೆ ಎತ್ತಿ ಕೊಡುವಾಗ, ಹಗ್ಗ ಬಿಗಿಯುವಾಗ, ಉಣ್ಣುವಾಗ ಆ ಚಿತ್ರದ ರುಚಿ ಬಾಯಲ್ಲಿ ಕಬ್ಬಿನ ಹಾಲಿನಂತೆ ಇತ್ತು. ಮೊದಲು ಜಿಗಿದವನನ್ನು ಬಾಲ ಹೇಗೆ ಬಡಿಯುತ್ತದೆಂಬುದನ್ನು ಮಾತ್ರ ಅವನು ನೆನೆಯಲಿಲ್ಲ.

ಐದನೆಯ ದಿನ ಗೆಳೆಯ ಶಿವಣ್ಣನ ಗದ್ದೆಯಲ್ಲಿ ಗಾಡಿ ತುಂಬುತ್ತಿದ್ದರು. ಶಿವಣ್ಣನಿಗೆ ಸ್ವಂತ ಆಲೆಮನೆ; ಬೆಲ್ಲ ಕಾಯಿಸುವ ಒಲೆಯ ಹೊಗೆಯಲ್ಲಿ ಅರ್ಧ ಬೆಂದ ಮೈ, ತುಂಬಾ ಬಾಯಿ. ರವೀಂದ್ರ ನೀರು ಕುಡಿಯಲು ಅತ್ತ ಹೋದ ಹೊತ್ತಿನಲ್ಲಿ ಶಿವಣ್ಣ ಅವಸರಕ್ಕೆ ಬಿದ್ದು ಎಂಟು ಕಂತೆಯನ್ನು ಹಿಂದಕ್ಕೆ ಹೇರಿದ. ಮೂಕಿ ಗಕ್ಕನೆ ಆಕಾಶಕ್ಕೆ ಎದ್ದಿತು. ಎಡಗಡೆಯ ಎತ್ತು ಮುಂಗಾಲು ನೆಲ ಬಿಟ್ಟು, ಕೊರಳ ಹಗ್ಗದಲ್ಲಿ ನೇತುಬಿದ್ದು, ನಾಲಿಗೆ ಹೊರಹಾಕಿ ಗೊರಗೊರ ಅಂದಿತು. ರವೀಂದ್ರ ಚೊಂಬು ಎಸೆದು ಓಡಿಬಂದು ಮೂಕಿಗೆ ಜೋತುಬಿದ್ದ. ಇಳಿಸಿ, ಹಗ್ಗ ಬಿಚ್ಚಿದರು. ಎತ್ತು ಬದುಕಿತು. ಬಹಳ ಹೊತ್ತು ಅದರ ಕಣ್ಣು ಮೇಲೆಯೇ ನೆಟ್ಟಿತ್ತು.

“ಲೇ ಶಿವಣ್ಣ, ಏರ್ದೋನು ನೀನು, ನೇತಾಡಿದ್ದು ಅದು,” ಎಂದ ರವೀಂದ್ರ ಏದುಸಿರಿನಲ್ಲಿ.

“ತೆಪ್ಪಾಯ್ತು ಕಣ್ಲಾ, ಬುಡು. ನನ್ನೇ ನೇತಾಕ್ಬುಡು ಬೇಕಾದ್ರೆ, ಆ ಮೂಕಿಗೆ.”

ಶಿವಣ್ಣ ನಗೆಗೆ ಅಂದ ಮಾತು. ರವೀಂದ್ರ ನಗಲಿಲ್ಲ. ಎತ್ತಿನ ಕೊರಳಲ್ಲಿ ಹಗ್ಗ ಒತ್ತಿದ ಗುರುತನ್ನು ಬೆರಳಿನಿಂದ ಸವರುತ್ತಾ ನಿಂತವನು, ಮೊದಲು ಜಿಗಿಯುವವನು ಈ ಸಲ ಯಾರ ಮನೆಯವನೋ ಎಂದುಕೊಂಡ. ಹೇರಿದವನು ನೇತಾಡಬೇಕು. ಆಕಾಶದಲ್ಲಲ್ಲ, ನೆಲದ ಮೇಲೆ, ನೋಡುವವರ ಎದುರಿಗೆ.

“ನಿನ್ನ ಆಲೆಮನೇಲಿ ಬೆಲ್ಲ ತೂಗೋ ದೊಡ್ಡ ಹಲಗೆ ತಕ್ಕಡಿ ಎಷ್ಟವೆ?” ಎಂದು ಕೇಳಿದ.

“ಎಲ್ಡು. ಚಿಕ್ಕಪ್ಪನ ತಾವ ಒಂದದೆ. ಯಾಕ್ಲಾ?”

“ಮೂರೂ ಬೇಕು. ಭಾನುವಾರ ಬಿಂಡಿಗನವಿಲೆಗೆ ಟ್ರಾಕ್ಟರು ಕಟ್ಟು.”

“ವಿಮಾನ್ವ ಬೆಲ್ಲದ ತಕ್ಕಡೀಲಿ ತೂಗ್ತೀಯೇನ್ಲಾ? ನೊಣ ಮುತ್ಕಂಡಾವು!”

ಅಂದು ಸಂಜೆ ಮುದ್ದೆ ಮುರಿಯುತ್ತಾ ಅವನು ತಂಗಿಗೆ ಹೇಳಿದ: “ಭಾನುವಾರ ನೀನೂ ಬಾರವ್ವ. ನಿಮ್ಮೂರ ಬಯಲ್ಗೆ ವಿಮಾನ ಬತ್ತದೆ.” ಅಣ್ಣಮ್ಮ ಯಾವ ವಿಮಾನ, ಯಾರದು ಎಂದು ಕೇಳಲಿಲ್ಲ. ಭಾನುವಾರದ ಹಾಲನ್ನು ಡೈರಿಗೆ ಹಾಕಲು ಪಕ್ಕದ ಮನೆಯವರಿಗೆ ಹೇಳಿಟ್ಟಳು.

ಭಾನುವಾರ ಬಯಲಿನಲ್ಲಿ ಶಾಮಿಯಾನ, ಕುರ್ಚಿ, ಮೈಕು. ಮಾರುವವರ ಕಡೆಯವನೊಬ್ಬ ಹಿಂದಿನ ದಿನವೇ ಮೂರನೆಯ ಫೋಟೋದ ವಿಮಾನ ತಂದಿಳಿಸಿದ್ದ; ಭಾರದ ಪತ್ರ ಸಿಕ್ಕೊಡನೆ ದುಡ್ಡು ಕೊಡುವ ಮಾತು. ಬೆಳ್ಳಗೆ ಹೊಳೆಯುತ್ತಿತ್ತು, ದೂರದಲ್ಲಿ ಕುರಿಗಳು ಮೇಯುವುದನ್ನು ಬಿಟ್ಟು ಅದನ್ನೇ ನೋಡುತ್ತಿದ್ದವು. ಜನ ಸೇರುವ ಮೊದಲೇ ರವೀಂದ್ರ ಹಲಗೆ ಇಳಿಜಾರು ಇಟ್ಟು, ಮೂರು ಚಕ್ರವನ್ನು ಮೂರು ತಕ್ಕಡಿಯ ಮೇಲೆ ಹತ್ತಿಸಿ ತೂಗಿದ. ಒಳಗಿನ ಉದ್ದಗಲವನ್ನು ದಾರದಿಂದ ಅಳೆದ. ಸಿಕ್ಕ ಅಂಕಿಗಳನ್ನು ಬೀಡಿಕಟ್ಟಿನ ಕಾಗದದ ಮೇಲೆ ಕೂಡಿ ಕಳೆದ. ಹಿಂದಿನ ಬಾಗಿಲ ಬಳಿ ಐದು ಜನ ಕೂಡಿದರೆ ಮುಂದಿನ ಚಕ್ರದ ಮೇಲೆ ಒಂದು ನಿಂಬೆಹಣ್ಣಿನ ತೂಕವೂ ಉಳಿಯುವುದಿಲ್ಲ. ಕಾಗದವನ್ನು ಮಡಿಸಿ ಜೇಬಿಗಿಟ್ಟ. ತಕ್ಕಡಿಯಿಂದ ವಿಮಾನ ಇಳಿಯಿತು.

ಹೊಸ ಗಾಡಿ ಕೊಂಡರೆ ನಮ್ಮ ಕಡೆ ಪೂಜೆ ಮುಗಿಯುತ್ತಲೇ ಬಂದವರೆಲ್ಲ ಅದರಲ್ಲಿ ಒಂದು ಗಳಿಗೆ ಕೂತು ಇಳಿಯಬೇಕು. ಟ್ರಾಕ್ಟರಾದರೂ ಅಷ್ಟೆ, ಸ್ಕೂಟರಾದರೂ ಅಷ್ಟೆ. ಕೂರದೆ ಹೋದರೆ ಕೊಂಡವನಿಗೆ ಬೇಸರ. ರವೀಂದ್ರ ಆ ಪದ್ಧತಿಯನ್ನೇ ನಂಬಿದ್ದ.

“ಪೂಜೆ ಆಗೋಗ್ಲಿ ಸಾ, ಆಮ್ಯಾಕೆ ಪತ್ರ ಬರ್ಕೊಡ್ತೀನಿ,” ಎಂದ. “ಬೀಗದ ಕೈ ಕೊಡಿ, ತಟ್ಟೇಲಿ ಇಡ್ಬೇಕಲ್ಲ.”

ಬೀಗದ ಕೈಯನ್ನು ಅರ್ಚಕರ ತಟ್ಟೆಯಲ್ಲಿ, ಕುಂಕುಮದ ಪಕ್ಕದಲ್ಲಿ, ತಾನೇ ಇಟ್ಟ. ಇಂಜಿನ್ನು ಶುರುವಾಗುವ ಮಾತಿರಲಿಲ್ಲ. ಮಾರುವವರ ಕಡೆಯವನು ಬಾಲದ ಕೆಳಗೆ ಒಂದು ಊರುಗೋಲು ನಿಲ್ಲಿಸಿದ್ದ. ಮಂಗಳಾರತಿಯ ಗಂಟೆ ಬಾರಿಸುವಾಗ ರವೀಂದ್ರ ಅದನ್ನು ಮೆಲ್ಲಗೆ ಎಳೆದುಕೊಂಡು ಹುಲ್ಲಿನಲ್ಲಿ ಮಲಗಿಸಿದ. ಅಣ್ಣಮ್ಮ ಹಿಂದೆ, ಟ್ರಾಕ್ಟರಿನ ನೆರಳಲ್ಲಿ, ಸೆರಗು ಹೊದ್ದು ನಿಂತಿದ್ದಳು. ಅವಳು ಅಣ್ಣನ ಕೈಯನ್ನು ಕಂಡಳು.

ಪೇಟ ತೊಟ್ಟು, ಹಾರ ಹಾಕಿಕೊಂಡು ವಿಜಯೇಂದ್ರ ಮುಂದಿನ ಸೀಟಿನಲ್ಲಿ ಕೂತ. “ಬನ್ನಿ, ಬನ್ನಿ, ಎಲ್ಲರೂ ಕೂತ್ಕೊಳ್ಳಿ. ಫೋಟೋ ಆಗಲಿ!” ಸಮಿತಿಯ ಹಿರಿಯರು ಒಬ್ಬೊಬ್ಬರಾಗಿ ಹಿಂದಿನ ಬಾಗಿಲಿನಿಂದ ಹತ್ತಿದರು. ಸೀಟು ಕಿತ್ತಿದ್ದರಿಂದ ನೆಲದ ಮೇಲೇ ಚಕ್ಕಳಮಕ್ಕಳ ಹಾಕಿದರು. ಪಾಂಡವಪುರದಿಂದ ಬಂದಿದ್ದ ನಂಜುಂಡಯ್ಯ ಮೇಷ್ಟರು ಐದನೆಯವರು, ಭಾರಿ ಆಳು. ಒಂದು ಕಾಲು ಒಳಗಿಟ್ಟು, ಅಂಚಿನಲ್ಲಿ ಕೂತು, ಫೋಟೋದವನಿಗೆ ನಕ್ಕರು.

ಮೂತಿ ಎದ್ದಿತು. ಯಾವ ಅವಸರವೂ ಇಲ್ಲದೆ, ನಿದ್ದೆಯಿಂದ ಏಳುವ ದನದ ಹಾಗೆ ಎದ್ದಿತು. ಬಾಲ ನೆಲಕ್ಕೆ ತಾಗಿ ತಗಡಿನ ಡಬ್ಬ ಬಿದ್ದಂತೆ ಸದ್ದಾಯಿತು. ಒಳಗಿದ್ದ ಹಿರಿಯರು ಒಬ್ಬರ ಮೇಲೊಬ್ಬರು ಜಾರಿ ಹಿಂದಕ್ಕೆ ಗುಡ್ಡೆಯಾದರು. ಮುಂದಿನ ಚಕ್ರ ಗಾಳಿಯಲ್ಲಿ ನಿಂತಿತು. ಪೂಜೆಗೆಂದು ಅದರ ಅಡಿಗೆ ಒತ್ತರಿಸಿಟ್ಟಿದ್ದ ನಿಂಬೆಹಣ್ಣು ಹಾಗೇ ದುಂಡಗೆ ಉಳಿಯಿತು. ವಿಜಯೇಂದ್ರ ಪೇಟ ಕಳೆದುಕೊಂಡು, ಬೆನ್ನ ಮೇಲೆ ಮಲಗಿದಂತೆ, ಗಾಜಿನಾಚೆ ಬರೀ ಆಕಾಶ ನೋಡುತ್ತಿದ್ದ.

“ಯಾರೂ ಇಳೀಬ್ಯಾಡಿ!” ರವೀಂದ್ರನ ದನಿ ಮೈಕಿಗಿಂತ ಜೋರಾಗಿತ್ತು. “ಒಬ್ರು ಇಳಿದ್ರೂ ಮೂತಿ ನೆಲಕ್ಕೆ ಕುಕ್ಕುತ್ತೆ. ಮುಂದಿರೋರ ಸೊಂಟ ಉಳಿಯಕಿಲ್ಲ.”

“ಅಯ್ಯೋ ಶಿವನೇ, ಇಳಿಸಪ್ಪಾ!” ಎಂದರು ಮೇಷ್ಟರು.

“ಇಳಿಸ್ತೀನಿ ಮೇಷ್ಟ್ರೇ. ಒಂದು ಮಾತು ಕೇಳ್ಬುಟ್ಟು ಇಳಿಸ್ತೀನಿ.” ಅವನು ಸುತ್ತಿಬಂದು ಎದ್ದ ಮೂತಿಯ ಕೆಳಗೆ ನಿಂತ. ದನಿ ತಗ್ಗಿತು. “ಸಾ, ಎಂಬತ್ತೆರಡ್ರಲ್ಲಿ ನಾನು ಚೀಟೀಲಿ ಎಷ್ಟು ಜನ ಅಂತ ಬರ್ದಿದ್ದೆ?”

ಬಯಲಿನಲ್ಲಿ ಕುರಿಗಂಟೆ ಕೇಳಿಸಿತು.

“ರವೀಂದ್ರ, ಇದೇನು ಹೊತ್ತಲ್ಲದ ಹೊತ್ತಲ್ಲಿ...”

“ಎಷ್ಟು ಜನ ಸಾ?”

“ಹೇಳಿಬಿಡ್ರೀ ಮಾರಾಯರೆ!” ಎಂದು ಒಳಗಿನಿಂದ ಮೇಷ್ಟರು ಕೂಗಿದರು. “ನನ್ನ ಕಾಲ ಮೇಲೆ ಇಬ್ಬರಿದ್ದಾರೆ!”

“ಮೂರು,” ಎಂದ ವಿಜಯೇಂದ್ರ, ಆಕಾಶ ನೋಡುತ್ತಾ.

“ಕೇಳಿಸ್ನಿಲ್ಲ.”

“ಮೂರು!”

“ಅತ್ಸಿದ್ದು ಎಷ್ಟು ಜನವ?”

“ಐದು.”

“ಅತ್ಸು ಅಂದೋರು ಯಾರು?”

ಫೋಟೋದವನು ಕ್ಯಾಮೆರಾ ಇಳಿಸಿದ್ದ. ಕಾಲಿಗೆ ಜೋಮು ಹಿಡಿದ ಯಾರೋ ಒಳಗೆ ನರಳಿದರು. ವಿಮಾನದ ಮೈ ಒಂದಿಷ್ಟು ಅಲುಗಿತು, ವಿಜಯೇಂದ್ರ ಎರಡೂ ಕೈಯಿಂದ ಸೀಟು ಹಿಡಿದುಕೊಂಡ.

“ನಾನು,” ಎಂದ. “ನಾನೇ ಹತ್ತಿಸು ಅಂದೆ. ಅವನು ಬೇಡ ಅಂದಿದ್ದ. ಚೀಟಿ ನಾನೇ ಹರಿದುಹಾಕಿದೆ. ಸಾಕಾ? ಇಳಿಸು ಮೊದಲು.”

ರವೀಂದ್ರ ಟ್ರಾಕ್ಟರಿನ ಕಡೆ ತಿರುಗಿದ. ಅಣ್ಣಮ್ಮ ನೆರಳು ಬಿಟ್ಟು ಬಿಸಿಲಿಗೆ ಬಂದಿದ್ದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವಳ ಕಣ್ಣು ನೆಟ್ಟಗೆ ಅವನ ಮುಖದ ಮೇಲಿತ್ತು. ಅವನಿಗೆ ಕೂಗಿಕೊಳ್ಳಬೇಕೆನ್ನಿಸಿತು. “ಬಾರ್ಲಾ ಶಿವಣ್ಣ, ಮೂಕಿ ಇಳಿಸವಾ,” ಎಂದಷ್ಟೇ ಅಂದ.

ಗಾಡಿಯ ಮೂಕಿಗೆ ಬೀಳುವಂತೆ ಇಬ್ಬರೂ ಮುಂದಿನ ಚಕ್ರದ ಕಂಬಕ್ಕೆ ಜೋತುಬಿದ್ದರು. ರವೀಂದ್ರ ಹೇಳಿದಂತೆ ಹಿಂದಿನವರು ಒಬ್ಬೊಬ್ಬರಾಗಿ, ಉಸಿರು ಬಿಗಿಹಿಡಿದು, ಇಳಿದರು. ಮೂತಿ ನಿಧಾನವಾಗಿ ಬಗ್ಗಿತು. ಚಕ್ರದ ಕೆಳಗೆ ನಿಂಬೆಹಣ್ಣು ಪಚಕ್ಕೆಂದು ಒಡೆಯಿತು.

ವಿಜಯೇಂದ್ರ ಇಳಿದಾಗ ಎದುರಿಗಿದ್ದವಳು ಅಣ್ಣಮ್ಮ. ಯಾರೆಂದು ಅವನಿಗೆ ತಿಳಿಯಲಿಲ್ಲ.

“ಮಂಜುನಾಥನ ಎಂಡ್ತಿ,” ಎಂದ ರವೀಂದ್ರ.

ವಿಜಯೇಂದ್ರನ ಕೈ ಮುಗಿಯಲು ಅರ್ಧ ಮೇಲೆದ್ದಿತು. ಅಣ್ಣಮ್ಮ ಅದು ಪೂರ್ತಿ ಏಳುವುದನ್ನು ಕಾಯಲಿಲ್ಲ. “ಆ ಬಂಡೆ ಕಾಣ್ತದಲ್ಲ,” ಎಂದಳು, ಕುರಿಗಳಾಚೆ ತೋರಿಸಿ. “ಅಲ್ಲಿಂದ ಕಂಬಳಿ ಇಡ್ಕಂಡು ಆರ್ತಿದ್ರು. ಕೈ ಮುರ್ಕಂಡ್ರೂ ಬದುಕ್ಕತಿದ್ರು. ನಿಮ್ಮ ತಾವ ಬಂದು ಸತ್ರು.” ಮತ್ತೆ ಅಣ್ಣನತ್ತ ತಿರುಗಿ, “ನಡಿಯಣ್ಣ, ಬಸ್ಸು ಬತ್ತದೆ,” ಎಂದು ರಸ್ತೆಯ ಕಡೆ ಹೊರಟಳು.

ಸಮಿತಿಯವರು ಶಾಮಿಯಾನದ ಕೆಳಗೆ ಗುಂಪಾಗಿ ಗುಸುಗುಸು ಶುರುಮಾಡಿದ್ದರು. ಈ ವಿಮಾನ ಕೊಳ್ಳುವ ಮಾತು ಅಲ್ಲಿಗೆ ಸತ್ತಿತ್ತು. ವಿಜಯೇಂದ್ರ ನಾಲ್ಕು ಹೆಜ್ಜೆ ಓಡಿಬಂದು ರವೀಂದ್ರನ ತೋಳು ಹಿಡಿದ. ಹಾರದ ಹೂವು ಅಂಗಿಯ ಮೇಲೆ ನಜ್ಜುಗುಜ್ಜಾಗಿ ಅಂಟಿತ್ತು.

“ಮರ್ಯಾದೆ ತೆಗೆದೆಯಲ್ಲ, ಆಯ್ತು. ಈಗ ಯಾವುದು ಕೊಳ್ಳಲಿ, ಅದನ್ನಾದರೂ ಹೇಳಿಹೋಗು. ಇಲ್ಲದಿದ್ರೆ ಇವರು ನನ್ನ ಕ್ಲಬ್ಬನ್ನೇ ಮುಚ್ಚಿಬಿಡ್ತಾರೆ.”

ರವೀಂದ್ರ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಜೇಬಿನಲ್ಲಿದ್ದ ಬೀಡಿಕಟ್ಟಿನ ಕಾಗದವನ್ನು ಹೊರಗೆ ತೆಗೆಯಲಿಲ್ಲ.

“ರೆಕ್ಕೆ ತಲೆ ಮ್ಯಾಲಿರ್ಬೇಕು ಸಾ. ಬಾಗ್ಲು ಮುಂದಿರ್ಬೇಕು, ಮೇಲ್ಕೆ ತೆಕ್ಕಬೇಕು. ಎಗರೋನು ನಿಂತ್ಕಳಾಕೆ ಮೆಟ್ಲು, ಇಡ್ಕಳಾಕೆ ಕಂಬಿ. ಅದು ಯಾರು ಓಡ್ಸಿದ್ರೂ ಬೇಕು. ನೀವೇ ಓಡ್ಸದಾದ್ರೆ ಇನ್ನೊಂದು ಬೇಕಾಯ್ತದೆ, ಅದೇನಪ್ಪಾ ಅಂದ್ರೆ,” ಎನ್ನುತ್ತಲೇ ಅವನು, ರಸ್ತೆಯಂಚಿನಲ್ಲಿ ತನಗಾಗಿ ತಿರುಗಿ ನಿಂತಿದ್ದ ತಂಗಿಯ ಕಡೆಗೆ, ಹುಲ್ಲಿನಲ್ಲಿ ಬಿದ್ದಿದ್ದ ಊರುಗೋಲನ್ನು ದಾಟಿ ಹೊರಟ. “ಬ್ಯಾಡ ಅಂದೋನ ಮಾತು ಕೇಳೋ ಕಿವಿ.”